ಬರ್ಬೆರಾದ ಸುಂಕ, ಕಾಬೂಲಿನ ಸಂಬಳ

ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್ 2025ರ ಜುಲೈಯಲ್ಲಿ ಬಾಗಿಲು ಮುಚ್ಚಿತು. ಎಚ್‌ಐವಿ ಮಾತ್ರೆಗೆ, ಹಸಿದ ಮಕ್ಕಳ ಪೌಷ್ಟಿಕ ಆಹಾರಕ್ಕೆ ಹೋಗುತ್ತಿದ್ದ ಹಣವನ್ನು ಹೀಗೆ ಏಕಾಏಕಿ ನಿಲ್ಲಿಸಿದ್ದು ಕ್ರೌರ್ಯವೇ. ಅದರಲ್ಲಿ ಎರಡು ಮಾತಿಲ್ಲ. ಆದರೆ ಔಷಧಿಗೆ ಕೊಡುವ ಹಣ ಬೇರೆ, ಸರ್ಕಾರವನ್ನೇ ಕಟ್ಟಿಕೊಡುತ್ತೇವೆಂದು ಸುರಿಯುವ ಹಣ ಬೇರೆ. ಈ ಎರಡನೆಯದರ ಮಾತು ಬಂದಾಗಲೆಲ್ಲ ನನಗೆ ಸೊಮಾಲಿಲ್ಯಾಂಡ್ ನೆನಪಾಗುತ್ತದೆ.

1991ರಲ್ಲಿ ಸಿಯಾದ್ ಬರ್ರೆಯ ಆಡಳಿತ ಕುಸಿದಾಗ ಸೊಮಾಲಿಯಾದ ವಾಯವ್ಯ ಭಾಗವಾದ ಸೊಮಾಲಿಲ್ಯಾಂಡ್ ತಾನು ಸ್ವತಂತ್ರವೆಂದು ಸಾರಿತು. ದಶಕಗಳ ಕಾಲ ಯಾವ ದೇಶವೂ ಅದನ್ನು ಒಪ್ಪಲಿಲ್ಲ. ಹಾಗಾಗಿ ದೊಡ್ಡ ಸಾಲ, ದೊಡ್ಡ ನೆರವು ಅದರ ಕೈಗೆ ಎಟುಕಲಿಲ್ಲ. 1993ರಲ್ಲಿ ಬೊರಾಮಾ ಪಟ್ಟಣದಲ್ಲಿ ಕುಲಗಳ ಹಿರಿಯರು ತಿಂಗಳುಗಟ್ಟಲೆ ಕೂತು ವ್ಯಾಜ್ಯ ಬಗೆಹರಿಸಿಕೊಂಡರು. ಖರ್ಚಿನ ಬಹುಪಾಲನ್ನು ಅಲ್ಲಿನ ಜನರೇ ಹೊತ್ತರು. ಅದೇ ವರ್ಷ ಸೊಮಾಲಿಯಾದ ರಾಜಧಾನಿ ಮೊಗದಿಶುವಿನಲ್ಲಿ ವಿಶ್ವಸಂಸ್ಥೆಯ ಸಾವಿರಾರು ಸೈನಿಕರಿದ್ದರೂ ಸರ್ಕಾರವೊಂದು ತಲೆಯೆತ್ತಲಿಲ್ಲ.

ಬೊರಾಮಾದಲ್ಲಿ ಅಧ್ಯಕ್ಷರಾಗಿ ಆಯ್ಕೆಯಾದ ಮೊಹಮ್ಮದ್ ಇಬ್ರಾಹಿಂ ಎಗಾಲ್ ಬಂದೂಕು ಹಿಡಿದ ಹುಡುಗರನ್ನು ಸೈನ್ಯಕ್ಕೆ ಸೇರಿಸಿಕೊಳ್ಳಬೇಕಿತ್ತು, ಸಂಬಳ ಕೊಡಬೇಕಿತ್ತು. ಬೊಕ್ಕಸ ಬರಿದಾಗಿತ್ತು. ಇದ್ದದ್ದು ಬರ್ಬೆರಾ ಬಂದರು. ಅಲ್ಲಿಂದ ಕುರಿ, ಮೇಕೆ, ಒಂಟೆಗಳು ಹಡಗೇರಿ ಸೌದಿ ಅರೇಬಿಯಾಕ್ಕೆ ಹೋಗುತ್ತವೆ. ಆ ಸುಂಕವೇ ಸರ್ಕಾರದ ಜೀವಾಳವಾಯಿತು. ಮೇಲೆ ವ್ಯಾಪಾರಿಗಳ ಹತ್ತಿರ ಸಾಲವನ್ನೂ ಎತ್ತಬೇಕಾಯಿತು. ಸಾಲ ಕೊಟ್ಟವನು, ಸುಂಕ ಕಟ್ಟುವವನು ಸುಮ್ಮನಿರುವುದಿಲ್ಲ. ದಾರಿಯಲ್ಲಿ ಲಾರಿ ತಡೆದು ಸುಲಿಗೆ ಮಾಡುವವರನ್ನು ಮೊದಲು ಹಿಡಿಯಿರಿ ಎನ್ನುತ್ತಾನೆ. ಆ ಮಾತಿಗೆ ಎಗಾಲ್ ಕಿವಿಗೊಡದೆ ಗತಿಯಿರಲಿಲ್ಲ.

ಅಫ್ಘಾನಿಸ್ತಾನದಲ್ಲಿ ನಡೆದದ್ದು ಇದರ ತದ್ವಿರುದ್ಧ. ಅಲ್ಲಿ ಸರ್ಕಾರಿ ವೆಚ್ಚದ ಸುಮಾರು ಮುಕ್ಕಾಲು ಪಾಲು ವಿದೇಶಿ ನೆರವಿನಿಂದ ಬರುತ್ತಿತ್ತು. ಮಂತ್ರಿಗಳು ಲೆಕ್ಕ ಒಪ್ಪಿಸುತ್ತಿದ್ದದ್ದು ವಾಷಿಂಗ್ಟನ್ನಿಗೆ, ಬ್ರಸೆಲ್ಸಿಗೆ. ಅಲ್ಲಿನ ಸಂಸತ್ ಭವನವನ್ನು ಕಟ್ಟಿಕೊಟ್ಟದ್ದು ನಮ್ಮ ಭಾರತ. 2015ರ ಡಿಸೆಂಬರ್‌ನಲ್ಲಿ ಅದರ ಉದ್ಘಾಟನೆಯಾಯಿತು. ಆರು ವರ್ಷ ತುಂಬುವ ಮೊದಲೇ ಅದರಲ್ಲಿ ಕೂರಲು ಸಂಸತ್ತೇ ಉಳಿಯಲಿಲ್ಲ. 2021ರ ಆಗಸ್ಟ್‌ನಲ್ಲಿ ತಾಲಿಬಾನ್ ಕಾಬೂಲನ್ನು ಹಿಡಿದು ನೆರವು ನಿಂತ ಮೇಲೆ ಶಿಕ್ಷಕರು ತಿಂಗಳುಗಟ್ಟಲೆ ಸಂಬಳವಿಲ್ಲದೆ ಕಳೆದರು.

ಸೊಮಾಲಿಲ್ಯಾಂಡನ್ನು ಆದರ್ಶವೆಂದು ಹೊಗಳಲು ನನ್ನ ಮನಸ್ಸು ಒಪ್ಪುವುದಿಲ್ಲ. ಅದರ ಶಾಲೆ, ಆಸ್ಪತ್ರೆಗಳು ಬಡವಾಗಿವೆ. 2023ರಲ್ಲಿ ಲಾಸ್ ಅನೋದ್ ಪಟ್ಟಣದ ಕಾಳಗದಲ್ಲಿ ರಕ್ತ ಹರಿಯಿತು. ಹಿರಿಯರ ಮೇಲ್ಮನೆಯೇ ಅಧ್ಯಕ್ಷರ ಅವಧಿಯನ್ನು ಎರಡು ವರ್ಷ ಹಿಗ್ಗಿಸಿತು. ಆದರೂ 2024ರ ನವೆಂಬರ್‌ನಲ್ಲಿ ಮತದಾನ ನಡೆದು ವಿರೋಧ ಪಕ್ಷದ ಅಭ್ಯರ್ಥಿ ಗೆದ್ದರು. ಅಧಿಕಾರದಲ್ಲಿದ್ದ ಮೂಸೆ ಬಿಹಿ ಸೋಲೊಪ್ಪಿಕೊಂಡು ಕುರ್ಚಿ ಬಿಟ್ಟುಕೊಟ್ಟರು.