ಅಕ್ಕನ ಕೌದಿ ಮತ್ತು ಕಾಣದ ಪೇಟೆ

ಕನ್ನಡ ಎಂ.ಎ. ಮಾಡಿದವನಿಗೆ ಲೋಕವ್ಯವಹಾರ ತಿಳಿಯದೆಂಬುದು ನಮ್ಮ ಬಂಧುವರ್ಗದಲ್ಲಿ ಬಹುಕಾಲದಿಂದ ಬೇರೂರಿರುವ ನಂಬಿಕೆ. ಆ ನಂಬಿಕೆಗೆ ನಾನಾಗಿ ಕುಂದು ತಂದವನೂ ಅಲ್ಲ. ಆದುದರಿಂದ ದಸರೆಯ ರಜೆಯಲ್ಲಿ ಧಾರವಾಡದ ನನ್ನ ಅಕ್ಕ ರೊಟ್ಟಿ ಬಡಿಸುತ್ತಲೇ, “ತಮ್ಮಾ, ನಾ ಯಾವ ಪ್ಯಾಟ್ಯಾಗ ಕುಂದ್ರಬೇಕು ಅಂತ ನೀ ಹೇಳು. ಇಷ್ಟು ಕಲಿತೀದಿ, ಇಷ್ಟೂ ಗೊತ್ತಾಗೂದಿಲ್ಲೇನು?” ಎಂದು ಕೇಳಿದಾಗ ನನಗೆ ಹೆಮ್ಮೆಗಿಂತ ಭಯವೇ ಹೆಚ್ಚಾಯಿತು.

ಅಕ್ಕ ಹೇಳಿದ ಪೇಟೆ ಕಣ್ಣಿಗೆ ಕಾಣುವ ಪೇಟೆಯಲ್ಲ; ಫೋನಿನೊಳಗಿನ ಪೇಟೆ. ಎರಡು ವರ್ಷದ ಹಿಂದೆ ಭಾವನವರ ಅಂಗಡಿ ಮುಚ್ಚಿತು. ಅಂದಿನಿಂದ ಅವಳು ಹಳೆಯ ಹತ್ತಿಸೀರೆಗಳನ್ನು ಪದರಪದರವಾಗಿ ಜೋಡಿಸಿ, ಕೌದಿ ಹೊಲಿಸಿ ಮಾರುತ್ತಿದ್ದಾಳೆ. ಓಣಿಯ ಮೂವರು ಹೆಂಗಸರು ಅವಳ ಪಡಸಾಲೆಯಲ್ಲಿ ಕುಳಿತು ಸೂಜಿಯಾಡಿಸುತ್ತಾರೆ. ಉತ್ತರ ಕರ್ನಾಟಕದವರಿಗೆ ಕೌದಿ ಹೊಸದಲ್ಲ; ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸರ ಕೌದಿಗಳಂತೂ ಸಮುದ್ರದಾಚೆಯ ಪ್ರದರ್ಶನಗಳಲ್ಲಿಯೂ ಮನ್ನಣೆ ಪಡೆದಿವೆ. ಆದರೆ ಮನ್ನಣೆ ಬೇರೆ, ಮಾರಾಟ ಬೇರೆ. ನಾಲ್ಕು ಮನೆಗಳ ಒಲೆ ಈ ಮಾರಾಟವನ್ನು ನಂಬಿಕೊಂಡಿದೆ ಎಂಬುದನ್ನು ನೆನೆದಾಗ ನನ್ನ ಗಂಟಲಿನಲ್ಲಿ ರೊಟ್ಟಿ ಇಳಿಯದಾಯಿತು.

ಬೆಂಗಳೂರಿಗೆ ಮರಳಿದ ಮೇಲೆ ವಿಚಾರಣೆಗೆ ತೊಡಗಿದೆ. ಪೇಟೆಗಳೇನೋ ಹಲವಿವೆ. ಫ್ಲಿಪ್‌ಕಾರ್ಟ್ 2007ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಪುಸ್ತಕ ಮಾರಾಟದಿಂದ ಆರಂಭವಾದುದು. 2018ರಲ್ಲಿ ಅಮೆರಿಕದ ವಾಲ್‌ಮಾರ್ಟ್ ಅದರ ಬಹುಪಾಲನ್ನು ಕೊಂಡಿತು. ಅಮೆಜಾನ್ 2013ರಲ್ಲಿ ಇಲ್ಲಿ ಬಾಗಿಲು ತೆರೆಯಿತು. ಕುಶಲಕರ್ಮಿಗಳಿಗೆಂದು ಮೊದಲನೆಯದು ‘ಸಮರ್ಥ್’ ಎಂಬ, ಎರಡನೆಯದು ‘ಕಾರೀಗರ್’ ಎಂಬ ಯೋಜನೆಯನ್ನು ನಡೆಸಿವೆ. 2015ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದ ಮೀಶೊ, ಮಾರುವವರಿಂದ ದಲಾಲಿ ಪಡೆಯುವುದಿಲ್ಲವೆಂದು 2021ರಲ್ಲಿ ಸಾರಿತು. ಅದೇ ವರ್ಷದ ಕೊನೆಯಲ್ಲಿ ಸರ್ಕಾರದ ಬೆಂಬಲದಿಂದ ಸ್ಥಾಪಿತವಾದ ಓಎನ್‌ಡಿಸಿ ಒಂದು ಪೇಟೆಯೇ ಅಲ್ಲ. ಅದು ಪೇಟೆಗಳನ್ನು ಕೂಡಿಸುವ ರಸ್ತೆ. ಮಾರುವವನು ಒಂದು ಆ್ಯಪ್‌ನಲ್ಲಿ ಹೆಸರು ಬರೆಸಿದರೆ, ಕೊಳ್ಳುವವನು ಬೇರೊಂದು ಆ್ಯಪ್‌ನಲ್ಲಿ ಅವನ ಸರಕನ್ನು ಕಾಣಬಹುದು. ಬೆಂಗಳೂರಿನ ಗಿರಾಕಿಗಳಿಗೆ ಅದು ತೆರೆದುದು 2022ರ ಸೆಪ್ಟೆಂಬರಿನಲ್ಲಿ.

ಯಾವುದರಲ್ಲಿ ದಲಾಲಿ ಕಡಿಮೆಯೋ ಅದೇ ಮೇಲು ಎಂದು ನಾನು ಪಂಡಿತನಂತೆ ತೀರ್ಪಿತ್ತು ಅಕ್ಕನಿಗೆ ಫೋನ್ ಮಾಡಿದೆ. ಅವಳು ನನ್ನ ತೀರ್ಪಿಗಾಗಿ ಕಾಯುತ್ತ ಕುಳಿತಿರಲಿಲ್ಲ. ಆ ವೇಳೆಗೆ ಒಂದು ದೊಡ್ಡ ಪೇಟೆಯಲ್ಲಿ ಹತ್ತು ಕೌದಿಗಳನ್ನು ಮಾರಿಯೂ ಆಗಿತ್ತು. ಅದರ ಹೆಸರು ಇಲ್ಲಿ ಬೇಡ. ಲೆಕ್ಕವನ್ನು ಮಾತ್ರ ವಾಚಕರ ಮುಂದಿಡುತ್ತೇನೆ.

ಕೌದಿಯ ಬೆಲೆ 1800 ರೂಪಾಯಿ. ಬಟ್ಟೆ, ದಾರಕ್ಕೆ 350. ಹೊಲಿಗೆಯ ಕೂಲಿ 900. ಒಟ್ಟು ಅಸಲು 1250. ಪೇಟೆಯವರು ದಲಾಲಿ ಮತ್ತು ನಿಗದಿತ ಶುಲ್ಕವೆಂದು 252, ಸಾಗಣೆಗೆ 310, ಜಾಹೀರಾತಿಗೆ 60 ಹಿಡಿದುಕೊಂಡರು. ಅಕ್ಕನ ಕೈಗೆ ಬಂದುದು 1178. ತೆರಿಗೆಯ ಮಾತನ್ನು ಬದಿಗಿಟ್ಟರೂ ಒಂದೊಂದು ಕೌದಿಗೆ 72 ರೂಪಾಯಿ ನಷ್ಟ. ಅಂದರೆ, ಮಾರಾಟ ಹೆಚ್ಚಿದಷ್ಟೂ ಸಾಲ ಹೆಚ್ಚು!

ನನ್ನ ಕಣ್ಣು ಸಾಗಣೆಯ ಮೇಲೆ ಬಿತ್ತು. ಎರಡು ಕಿಲೋ ತೂಗುವ ಕೌದಿಗೆ ಐದು ಕಿಲೋ ಬಾಡಿಗೆಯೇಕೆ? ವಿಚಾರಿಸಲಾಗಿ ತಿಳಿದುದು ಇದು: ಸಾಗಿಸುವವರು ತಕ್ಕಡಿಯನ್ನು ಮಾತ್ರ ನೋಡುವುದಿಲ್ಲ, ಗಂಟಿನ ಗಾತ್ರವನ್ನೂ ಅಳೆಯುತ್ತಾರೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸಿ, ಬಂದ ಕಿಲೋವನ್ನೂ ನಿಜವಾದ ತೂಕವನ್ನೂ ಹೋಲಿಸಿ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ ಹಾಕುತ್ತಾರೆ. ಅಕ್ಕನ ಪೆಟ್ಟಿಗೆ 40, 30, 20ರ ಅಳತೆಯದು. ಅದರ ಲೆಕ್ಕದ ತೂಕ 4.8 ಕಿಲೋ. ಪಾಪ, ಅವಳು ಮೂರು ಕಿಲೋಗೆ ಹತ್ತಿರಹತ್ತಿರ ಗಾಳಿಯನ್ನೇ ಪೇಟೆಗೆ ಕಳುಹಿಸುತ್ತಿದ್ದಳು! ಕೌದಿಯನ್ನು ಅದುಮಿ ಕಟ್ಟಿ 36, 28, 10ರ ಅಳತೆಗೆ ಇಳಿಸಿದ ಮೇಲೆ ಅದು ಎರಡು ಕಿಲೋ ಆಯಿತು, ಬಾಡಿಗೆ 150ಕ್ಕೆ ಬಂದಿತು. ಈಗ ಒಂದಕ್ಕೆ 88 ರೂಪಾಯಿ ಉಳಿತಾಯ. ನನ್ನ ಎಂ.ಎ.ಗೆ ಅಂದು ಮನೆಯಲ್ಲಿ ಮೊದಲ ಬಾರಿಗೆ ಬೆಲೆ ಬಂದಿತು.

ಆದರೆ ಆ ಸಂತೋಷ ಬಹುಕಾಲ ನಿಲ್ಲಲಿಲ್ಲ. ಒಂದು ಕೌದಿ ಹಿಂದಿರುಗಿ ಬಂದಿತು. ಬಿಚ್ಚಿ ನೋಡಿದರೆ ಮೂಲೆಯಲ್ಲಿ ಅರಿಶಿನದ ಕಲೆ. ಯಾರದೋ ಮನೆಯ ನಾಮಕರಣವನ್ನು ಮುಗಿಸಿಕೊಂಡು ಬಂದಂತಿತ್ತು. ದೂರು ಕೊಟ್ಟರೆ, “ಬಿಚ್ಚುವಾಗ ವಿಡಿಯೊ ತೆಗೆದಿದ್ದೀರಾ?” ಎಂಬ ಪ್ರಶ್ನೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇನ್ನೊಂದು ಕೌದಿ ‘ಚಿತ್ರದಲ್ಲಿದ್ದಂತೆ ಇಲ್ಲ’ ಎಂಬ ಕಾರಣಕ್ಕೆ ಬಂದಿತು. ಆ ಗಿರಾಕಿಯನ್ನು ದೂರುವಂತಿರಲಿಲ್ಲ. ಹಳೆಯ ಸೀರೆಯ ಕೌದಿ ಒಂದರಂತೆ ಇನ್ನೊಂದು ಇರುವುದು ಸಾಧ್ಯವಿಲ್ಲ. ಅಕ್ಕ ಒಂದೇ ಚಿತ್ರವನ್ನು ಹಾಕಿ ಹತ್ತನ್ನು ಮಾರಿದ್ದಳು. ಒಂದು ಚಿತ್ರಕ್ಕೆ ನೂರು ಪಡಿಯಚ್ಚು ಇರುವ ಸರಕಿಗೆ ಅನುಕೂಲವಾದ ಪೇಟೆ, ಕೈಹೊಲಿಗೆಗೆ ಅಷ್ಟೇ ಅನುಕೂಲವಾಗದು.

ಇದರ ಮೇಲೆ ಹಬ್ಬದ ರಿಯಾಯಿತಿ ಮಾರಾಟ ಬಂದಿತು. ಪಕ್ಕದಲ್ಲಿಯೇ ಕೌದಿಯ ಚಿತ್ರ ಅಚ್ಚು ಹೊಡೆದ ಯಂತ್ರದ ಹೊದಿಕೆ 600 ರೂಪಾಯಿಗೆ ನಿಂತಿತ್ತು. ಬೆಲೆ ಇಳಿಸದಿದ್ದರೆ ಹಿಂದೆ ಬೀಳುವುದು ಖಂಡಿತ. ಇಳಿಸಬೇಕಾದರೆ ಕೂಲಿಯನ್ನೇ ಇಳಿಸಬೇಕು. ಸಂತೆಯ ಹೊತ್ತಿಗೆ ಮೂರು ಮೊಳ ಎಂಬಂತೆ ಹೊಲಿಗೆಯನ್ನು ದೂರದೂರ ಹಾಕಿಸಿದರೂ ಆದೀತೆಂದು ನಾನೇ ಸಲಹೆ ಕೊಟ್ಟೆ. ಈಗ ಬರೆಯುವಾಗ ನಾಚಿಕೆಯಾಗುತ್ತದೆ. ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಆ ಮೂರು ಮಂದಿ ಮುಂದ ಕುಂತು ಇದನ್ನ ನಾ ಹೆಂಗ ಹೇಳ್ಲಿ? ನೀನ ಬಂದು ಹೇಳು” ಎಂದಳು.

ನಾನು ಹೋಗಿ ಹೇಳಲಿಲ್ಲ. ಬದಲಾಗಿ ಪ್ರಶ್ನೆಯನ್ನೇ ತಿರುಗಿಸಿ ನೋಡಿದೆ. ಯಾವ ಪೇಟೆ ಒಳ್ಳೆಯದು ಎಂದು ಕೇಳುವುದಕ್ಕೆ ಮೊದಲು, ಯಾವ ಸರಕು ಯಾವ ಪೇಟೆಯದು ಎಂದು ಕೇಳಬೇಕಾಗಿತ್ತು. ದೊಡ್ಡ ಪೇಟೆಯಲ್ಲಿ ಜನಸಂದಣಿಯಿದೆ. ಆದರೆ ಅಲ್ಲಿಯ ಗಿರಾಕಿ ಪೇಟೆಯವನೇ ಹೊರತು ನಮ್ಮವನಲ್ಲ. ಅವನನ್ನು ನಮ್ಮ ಮನೆಯ ಬಾಗಿಲಿಗೆ ಕದ್ದು ಕರೆಯುವುದಕ್ಕೆ ಅಲ್ಲಿಯ ನಿಯಮ ಒಪ್ಪದು. ದಲಾಲಿಯಿಲ್ಲವೆಂದ ಮಾತ್ರಕ್ಕೆ ಸಾಗಣೆ, ಜಾಹೀರಾತು, ಹಿಂದಿರುಗಿದ ಸರಕಿನ ಹೊರೆ ಇಲ್ಲವೆಂದಾಗದು. ಓಎನ್‌ಡಿಸಿಯ ರಸ್ತೆಗಿಳಿಯುವವರು ಮಾರುವವರ ಆ್ಯಪ್ ಯಾವುದು, ಶುಲ್ಕವೆಷ್ಟು, ಹಿಂದಿರುಗಿದ ಸರಕಿಗೆ ಹೊಣೆ ಯಾರು ಎಂಬುದನ್ನು ಮೊದಲೇ ಕೇಳಿಕೊಳ್ಳಬೇಕು. ಜಿಎಸ್‌ಟಿಯ ಮಾತೂ ಇದೆ: ವಹಿವಾಟು ಮಿತಿಯೊಳಗಿರುವ ಸಣ್ಣವರು ನೋಂದಣಿಯಿಲ್ಲದೆ ಈ ಪೇಟೆಗಳಲ್ಲಿ ಸರಕು ಮಾರಲು 2023ರ ಅಕ್ಟೋಬರ್ 1ರಿಂದ ಅವಕಾಶವಾಗಿದೆ, ಆದರೆ ಆ ವಿನಾಯಿತಿ ರಾಜ್ಯದ ಗಡಿಯನ್ನು ದಾಟುವುದಿಲ್ಲ. ಧಾರವಾಡದಿಂದ ಬೆಂಗಳೂರಿಗಾದರೆ ಸರಿ, ಪುಣೆಗೆ ಇಲ್ಲ.

ಕೊನೆಗೆ ಅಕ್ಕ ಸರಕನ್ನು ಇಬ್ಭಾಗ ಮಾಡಿದಳು. ಒಂದೇ ಥಾನಿನ ಹೊಸ ಹತ್ತಿಬಟ್ಟೆಯಿಂದ, ಒಂದರಂತೆ ಒಂದಿರುವ ತೊಟ್ಟಿಲ ಕೌದಿಗಳನ್ನು ಹೊಲಿಸಿ ದೊಡ್ಡ ಪೇಟೆಗೆ ಕಳುಹಿಸುತ್ತಾಳೆ. 600 ಗ್ರಾಂ ತೂಕ, 25, 20, 6ರ ಗಂಟು. ಗಾಳಿಗೆ ಬಾಡಿಗೆಯಿಲ್ಲ. ಹಳೆಯ ಸೀರೆಯ ದೊಡ್ಡ ಕೌದಿಗಳು ಆ ಪೇಟೆ ಹತ್ತುವುದಿಲ್ಲ. ಹುಬ್ಬಳ್ಳಿ, ಧಾರವಾಡದ ಪ್ರದರ್ಶನಗಳಲ್ಲಿ ಕೌದಿಯನ್ನು ಮುಟ್ಟಿ ನೋಡಿದವರು ಫೋನ್ ನಂಬರು ಬರೆದುಕೊಟ್ಟು ಹೋಗುತ್ತಾರೆ. ಅವರಿಗೆ ಒಂದೊಂದರ ಚಿತ್ರವನ್ನೂ ಕಳುಹಿಸಿ, ಹಣ ಬಂದ ಮೇಲೆ ಅಂಚೆಗೆ ಹಾಕುತ್ತಾಳೆ. ತಮ್ಮ ತಾಯಿಯ ಸೀರೆಗಳನ್ನೇ ಕೊಟ್ಟು ಹೊಲಿಸಿಕೊಳ್ಳುವವರೂ ಇದ್ದಾರೆ. ಅಂಥವರು ಬೆಲೆಯನ್ನು ಯಂತ್ರದ ಹೊದಿಕೆಯೊಡನೆ ಹೋಲಿಸುವುದಿಲ್ಲ. ಮಾರಾಟ ಮೊದಲಿಗಿಂತ ನಿಧಾನ. ಎರಡು ತಿಂಗಳು ಕೈ ಬಿಗಿಯಾಗಿಯೇ ಇತ್ತು. ಆದರೆ ಕೂಲಿ 900ರಿಂದ ಇಳಿದಿಲ್ಲ.

ಮನೆಯಲ್ಲಿ ಚಟ್ನಿಪುಡಿ, ಹಪ್ಪಳ, ಕಸೂತಿ ಎಂದು ಏನಾದರೊಂದನ್ನು ಮಾಡಿ ಮಾರಬೇಕೆಂದಿರುವ ಸೋದರಿಯರಿಗೆ ನನ್ನ ಬಿನ್ನಹ ಇಷ್ಟೇ: ಪೇಟೆಗೆ ಹೆಸರು ಬರೆಸುವ ಮುನ್ನ ಒಂದು ಹಾಳೆಯ ಮೇಲೆ ಅಸಲು, ದಲಾಲಿ, ಗಂಟಿನ ಅಳತೆ, ಹತ್ತಕ್ಕೊಂದು ಹಿಂದಿರುಗಿದರೆ ಆಗುವ ನಷ್ಟ, ಇವಿಷ್ಟನ್ನೂ ಬರೆದು ನೋಡಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತು ಹಾಸಿಗೆ ಮಾರುವವರಿಗೂ ಅನ್ವಯಿಸುತ್ತದೆ.

ಕಳೆದ ತಿಂಗಳು ನನ್ನವಳಿಗೂ ಒಂದು ಕೌದಿ ಬೇಕೆನಿಸಿತು. ಅಕ್ಕನಿಗೆ ಹೇಳಿದೆ, ವಾರದೊಳಗೆ ಬಂದಿತು. ಒಳಗೊಂದು ಚೀಟಿ: ಕೌದಿಗೆ 1800, ಅಂಚೆಗೆ ಬೇರೆ. ಫೋನ್ ಮಾಡಿ, “ತಮ್ಮನಿಗೂ ಅದೇ ದರವೇ ಅಕ್ಕಾ?” ಎಂದೆ.

“ಹೊಲಿದಾಕಿಗೆ ನೀ ತಮ್ಮ ಅಲ್ಲಲ್ಲೋ” ಎಂದಳು.

ಅಂದೇ ಹಣ ಕಳುಹಿಸಿದೆ.