ಮುಳುಗಿದವರ ಲೆಕ್ಕ

ಕಡಲಿನಲ್ಲಿ ಮುಳುಗಿದವನೊಬ್ಬನು ಹೊತ್ತಿಗೆ ಸರಿಯಾಗಿ ಮೇಲೆ ಬರಲಿಲ್ಲವೆಂಬ ಸುದ್ದಿ ದಡಕ್ಕೆ ಮುಟ್ಟಿದೊಡನೆ ಅವನನ್ನು ಹುಡುಕಹೊರಡುವವರಲ್ಲಿ ಅವನ ವೃತ್ತಿಬಾಂಧವರೇ ಮೊದಲಿಗರು. ಸರಕಾರದ ಹಡಗು ದೂರದ ರೇವಿನಿಂದ ಬರುವಷ್ಟರಲ್ಲಿ ಅವರ ದೋಣಿಗಳು ನೀರಿನ ಮೇಲಿರುತ್ತವೆ. ಬಾಡಿಗೆಯ ದೋಣಿಯವನು ಅಂದಿನ ಬಾಡಿಗೆಯನ್ನು ಬಿಡುತ್ತಾನೆ. ಮುಳುಗುವುದನ್ನು ಕಲಿಸುವ ಶಿಕ್ಷಕನು ಪಾಠವನ್ನು ಬಿಡುತ್ತಾನೆ. ಮೀನುಗಾರನು ಬಲೆಯನ್ನು ಸುತ್ತಿಟ್ಟು ಬರುತ್ತಾನೆ. ನಿನ್ನೆಯವರೆಗೆ ಪರಸ್ಪರರ ಗಿರಾಕಿಗಳನ್ನು ಸೆಳೆದುಕೊಳ್ಳುತ್ತಿದ್ದವರೂ ಒಂದೇ ನಕ್ಷೆಯ ಮೇಲೆ ಬಾಗಿ ನಿಲ್ಲುತ್ತಾರೆ. ಈ ಬಾಂಧವ್ಯವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಆದರೆ ಹೊಗಳುವುದಕ್ಕಾಗಿ ನಾವು ಇಂದು ಲೇಖನಿಯನ್ನು ಹಿಡಿದಿಲ್ಲ. ಹುಡುಕಹೊರಟವರ ಧೈರ್ಯಕ್ಕೂ ಹುಡುಕಾಟದ ಫಲಕ್ಕೂ ಎಷ್ಟೋ ವೇಳೆ ಸಂಬಂಧವೇ ಇಲ್ಲದಂತಾಗುವುದೇಕೆ, ಅದರ ಹೊಣೆ ಯಾರದು ಎಂಬುದನ್ನು ವಾಚಕರೊಡನೆ ವಿಚಾರಿಸಬೇಕೆಂಬುದೇ ನಮ್ಮ ಉದ್ದೇಶ.

೨೦೧೫ನೆಯ ಇಸವಿಯ ಆಗಸ್ಟ್ ೨ರಂದು ಸ್ಪೇನ್ ದೇಶಕ್ಕೆ ಸೇರಿದ ಫಾರ್ಮೆಂಟೇರಾ ದ್ವೀಪದ ಬಳಿ ನತಾಲಿಯಾ ಮೊಲ್ಚಾನೊವಾ ಎಂಬ ರಷ್ಯದ ಮಹಿಳೆ ನೀರಿಗಿಳಿದರು. ಗಾಳಿಯ ಸಿಲಿಂಡರಿನ ನೆರವಿಲ್ಲದೆ, ಎದೆಯಲ್ಲಿ ಹಿಡಿದ ಒಂದೇ ಉಸಿರಿನ ಬಲದಿಂದ ಆಳಕ್ಕಿಳಿಯುವ ವಿದ್ಯೆಯಲ್ಲಿ ಅವರಿಗೆ ಸಮನಾದವರು ಲೋಕದಲ್ಲಿ ಇರಲಿಲ್ಲ. ೪೧ ವಿಶ್ವದಾಖಲೆಗಳು ಅವರ ಹೆಸರಿನಲ್ಲಿದ್ದವು. ಈಜುರೆಕ್ಕೆಗಳನ್ನು ತೊಟ್ಟು, ಸ್ವಂತ ಬಲದಿಂದಲೇ ೧೦೦ ಮೀಟರಿಗಿಂತ ಆಳಕ್ಕೆ ಹೋಗಿಬಂದ ಹೆಂಗಸರಲ್ಲಿ ೨೦೦೯ರಲ್ಲಿ ಅವರೇ ಮೊದಲಿಗರಾದರು; ೨೦೧೩ರಲ್ಲಿ ನಿಶ್ಚಲವಾಗಿ ನೀರಿನಲ್ಲಿ ಮಲಗಿ ೯ ನಿಮಿಷ ೨ ಸೆಕೆಂಡು ಉಸಿರನ್ನು ಬಿಗಿಹಿಡಿದಿದ್ದರು. ಆ ದಿನ ಅವರು ಇಳಿದದ್ದು ಸುಮಾರು ೩೫ ಮೀಟರಿಗೆ ಮಾತ್ರ. ಅವರ ಪಾಲಿಗೆ ಅದು ನಮ್ಮ ನಿಮ್ಮಂಥವರಿಗೆ ಮನೆಯ ಬಾವಿಯ ಮೆಟ್ಟಿಲಿಳಿದಂತೆ. ಜೊತೆಯವರು ಮೇಲೆ ಕಾದಿದ್ದರು. ಅವರು ಮೇಲೆ ಬರಲಿಲ್ಲ. ಕಡಲ ರಕ್ಷಕರ ನಾವೆಗಳು, ಹೆಲಿಕಾಪ್ಟರು, ನೀರೊಳಗೆ ನೋಡುವ ಯಂತ್ರ, ಮುಳುಗುಗಾರರು ಎಲ್ಲವೂ ಎಲ್ಲರೂ ಹುಡುಕಿದರು. ಮೂರು ದಿನಗಳಲ್ಲಿ ಆಶೆ ತೀರಿತು. ಅದೇ ವಿದ್ಯೆಯಲ್ಲಿ ಹೆಸರು ಪಡೆದಿದ್ದ ಮಗನು ತಾಯಿ ಕಡಲಿನಲ್ಲಿಯೇ ಉಳಿಯುವಳೆಂಬುದನ್ನು ಒಪ್ಪಿಕೊಳ್ಳಬೇಕಾಯಿತು. ಅವರಿಗೆ ವಯಸ್ಸು ೫೩.

ನಿಪುಣರಲ್ಲಿ ನಿಪುಣರಾದವರ ಗತಿಯೇ ಹೀಗಾದ ಬಳಿಕ, ರಜೆಯಲ್ಲಿ ಬಂದು ಒಂದು ದಿನದ ಮಟ್ಟಿಗೆ ಸಮುದ್ರದ ತಳವನ್ನು ನೋಡಬಯಸುವ ಸಾಮಾನ್ಯನ ಮಾತೇನು? ಸಮುದ್ರದಲ್ಲಿ ಹುಡುಕುವುದೆಂದರೆ ಏನೆಂಬ ಕಲ್ಪನೆ ನೆಲದ ಮೇಲಿರುವ ನಮಗೆ ಸುಲಭವಾಗಿ ಬರುವುದಿಲ್ಲ. ಕಾಡಿನಲ್ಲಿ ದಾರಿತಪ್ಪಿದವನು ಒಂದೆಡೆ ಕುಳಿತರೆ ಕುಳಿತಲ್ಲಿಯೇ ಇರುತ್ತಾನೆ. ಕಡಲಿನಲ್ಲಿ ಕುಳಿತಲ್ಲಿ ಇರುವುದೆಂಬುದೇ ಇಲ್ಲ. ಎರಡು ನಾಟಿನ ಸೆಳವಿದ್ದರೆ ಒಂದು ತಾಸಿನಲ್ಲಿ ಮನುಷ್ಯನು ಸುಮಾರು ೩.೭ ಕಿಲೋಮೀಟರು ತೇಲಿಹೋಗುತ್ತಾನೆ. ಸೆಳವಿನ ದಿಕ್ಕು ತಿಳಿಯದಿದ್ದಲ್ಲಿ, ಒಂದು ತಾಸು ತಡವಾದರೆ ಹುಡುಕಬೇಕಾದ ನೀರು ೪೩ ಚದರ ಕಿಲೋಮೀಟರು. ಮೂರು ತಾಸು ತಡವಾದರೆ ಅದರ ಒಂಬತ್ತು ಮಡಿ. ಆ ವಿಸ್ತಾರದಲ್ಲಿ ಹುಡುಕಬೇಕಾದ ವಸ್ತುವೋ, ಅಲೆಯ ಮೇಲೆ ಒಮ್ಮೆ ಕಂಡು ಒಮ್ಮೆ ಮರೆಯಾಗುವ, ತೆಂಗಿನಕಾಯಿಯಷ್ಟು ದೊಡ್ಡದಾದ ಒಂದು ತಲೆ. ಅದೂ ಕಪ್ಪು ಉಡುಪಿನದು.

ನೀರಿನ ಕೆಳಗೆ ಹುಡುಕುವವರ ಕಷ್ಟವೇ ಬೇರೆ. ಸಿಲಿಂಡರಿನ ಗಾಳಿಯನ್ನು ಉಸಿರಾಡುತ್ತ ಆಳದಲ್ಲಿ ಇದ್ದಷ್ಟೂ ನೈಟ್ರೊಜನ್ ದೇಹದಲ್ಲಿ ಸೇರುತ್ತ ಹೋಗುತ್ತದೆ. ಅವಸರದಿಂದ ಮೇಲಕ್ಕೆ ಬಂದರೆ ಅದು ಗುಳ್ಳೆಗಟ್ಟಿ ಕೀಲುನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ಏನನ್ನಾದರೂ ತರಬಲ್ಲದು. ಆದುದರಿಂದ ಎದೆಗಾರಿಕೆಯುಳ್ಳವನೂ ದಿನಕ್ಕೆ ಇಷ್ಟೇ ಸಲ, ಇಷ್ಟೇ ಹೊತ್ತು ಇಳಿಯಬಲ್ಲನು. ಗೆಳೆಯನು ಕೆಳಗಿದ್ದಾನೆಂಬ ದುಃಖದಲ್ಲಿ ಈ ಲೆಕ್ಕವನ್ನು ಮರೆತರೆ ಹುಡುಕುವವರಲ್ಲಿಯೇ ಇನ್ನೊಬ್ಬನನ್ನು ಹುಡುಕಬೇಕಾಗುತ್ತದೆ.

ಇದನ್ನು ಹಿಂದಿನವರು ತಿಳಿಯದವರಾಗಿರಲಿಲ್ಲ. ಮನ್ನಾರ್ ಕೊಲ್ಲಿಯಲ್ಲಿ ಮುತ್ತಿನ ಚಿಪ್ಪಿಗಾಗಿ ಮುಳುಗುತ್ತಿದ್ದವನು ಕಲ್ಲಿನ ಭಾರದ ಮೇಲೆ ಕಾಲೂರಿ ತಳಕ್ಕೆ ಇಳಿಯುತ್ತಿದ್ದನು. ಹಗ್ಗದ ಮೇಲಿನ ತುದಿ ದೋಣಿಯಲ್ಲಿ ಕುಳಿತ ಜೊತೆಗಾರನ ಕೈಯಲ್ಲಿರುತ್ತಿತ್ತು. ಅವನಿಗೆ ಬೇರೆ ಕೆಲಸವಿರಲಿಲ್ಲ. ಜಪಾನಿನ ಅಮಾ ಎಂಬ ಮುಳುಗುಗಾರ್ತಿಯರಲ್ಲಿ ದೋಣಿಯಿಂದ ಇಳಿಯತಕ್ಕವರ ಸೊಂಟದ ಹಗ್ಗವನ್ನು ಹಿಡಿದು ಕೂಡುವವನು ಸಾಮಾನ್ಯವಾಗಿ ಗಂಡ. ಕೊರಿಯದ ಜೇಜು ದ್ವೀಪದ ಹೇನ್ಯೊ ಎಂಬ ಹೆಂಗಸರ ಪದ್ಧತಿಯಂತೂ ಇನ್ನೂ ಸ್ವಾರಸ್ಯವಾದುದು. ಅವರು ಹಗ್ಗವನ್ನು ಕಟ್ಟಿಕೊಳ್ಳದಿದ್ದರೂ ಗುಂಪಿನಲ್ಲಿಯೇ ಕಡಲಿಗಿಳಿಯುತ್ತಾರೆ. ಒಬ್ಬೊಬ್ಬಳ ಜಾಗವನ್ನು ಅವಳವಳ ತೇಲುಬುರುಡೆ ನೀರಿನ ಮೇಲೆ ತೋರಿಸುತ್ತಿರುತ್ತದೆ. ಮೇಲೆ ಬಂದವಳು ಹಿಡಿದ ಉಸಿರನ್ನು ಬಿಡುವಾಗ ಸಿಳ್ಳಿನಂಥ ಧ್ವನಿ ಹೊರಡುತ್ತದೆ. ಅದಕ್ಕೆ ಸುಂಬಿಸೊರಿ ಎಂದು ಹೆಸರು. ಆ ಸಿಳ್ಳು ಕೇಳಿಬಂದರೆ ಆಕೆ ಸುಖವಾಗಿದ್ದಾಳೆಂದು ಅರ್ಥವಲ್ಲವೆ? ೨೦೧೬ರಲ್ಲಿ ಯುನೆಸ್ಕೋ ಸಂಸ್ಥೆ ಈ ಹೆಂಗಸರ ಸಂಪ್ರದಾಯವನ್ನು ಮಾನವಕುಲದ ಪರಂಪರೆಯಲ್ಲಿ ಸೇರಿಸಿತು.

ಇಂದಿನ ಸ್ಕೂಬಾ ಮುಳುಗುಗಾರನಿಗೆ ಹಗ್ಗವಿಲ್ಲ. ಬೆನ್ನಿನ ಮೇಲೆ ಗಾಳಿಯನ್ನು ಹೊತ್ತು ಮೀನಿನಂತೆ ಸ್ವತಂತ್ರನಾಗಿ ತಿರುಗುವುದೇ ಅವನ ಸುಖ. ಆ ಸುಖವನ್ನು ನಾವು ನಿಂದಿಸಲಾರೆವು. ಆದರೆ ಹಗ್ಗವನ್ನು ಬಿಟ್ಟ ಬಳಿಕ ಅದರ ಜಾಗದಲ್ಲಿ ಬೇರೆ ಏನಾದರೂ ಇರಬೇಕಷ್ಟೆ? ಅದೇ ಲೆಕ್ಕ. ಎಷ್ಟು ಜನ ಇಳಿದರು, ಎಷ್ಟು ಜನ ಹತ್ತಿದರು ಎಂಬ ಬರೀ ಎರಡು ಅಂಕಿಗಳು.

ಈ ಎರಡು ಅಂಕಿಗಳು ತಪ್ಪಿದರೆ ಏನಾಗುವುದೆಂಬುದಕ್ಕೆ ಆಸ್ಟ್ರೇಲಿಯದ ಸಂಗತಿಯೊಂದು ಸಾಕು. ೧೯೯೮ರ ಜನವರಿ ೨೫ರಂದು ಪೋರ್ಟ್ ಡಗ್ಲಸ್ ರೇವಿನಿಂದ ೨೬ ಮಂದಿ ಪ್ರಯಾಣಿಕರೊಡನೆ ಹವಳದ ದಿಬ್ಬಕ್ಕೆ ಹೋದ ದೋಣಿಯೊಂದು ಸಂಜೆ ಇಬ್ಬರನ್ನು ನೀರಿನಲ್ಲಿಯೇ ಬಿಟ್ಟು ಮರಳಿತು. ಅವರು ಅಮೇರಿಕದ ದಂಪತಿಗಳು. ಎಣಿಕೆ ನಡೆದಿದ್ದಾಗಲೇ ಕೆಲವರು ಮತ್ತೆ ನೀರಿಗೆ ಧುಮುಕಿದ್ದರಿಂದ ಲೆಕ್ಕ ತಪ್ಪಿರಬಹುದೆಂಬ ಮಾತು ಅನಂತರ ಬಂದಿತು. ಹೊಳೆ ದಾಟಿದ ಹತ್ತು ಮಂದಿ ತಮ್ಮತಮ್ಮನ್ನು ಬಿಟ್ಟು ಎಣಿಸಿ, ಹತ್ತನೆಯವನು ಮುಳುಗಿದನೆಂದು ಅತ್ತ ಕಥೆಯನ್ನು ನಮ್ಮಲ್ಲಿ ಮಕ್ಕಳೂ ಬಲ್ಲರು. ಇಲ್ಲಿ ಆದದ್ದು ಅದರ ತಿರುವು. ನಿಜವಾಗಿ ಮುಳುಗಿದವರನ್ನು ದೋಣಿಯಲ್ಲಿದ್ದಾರೆಂದು ಎಣಿಸಿ ನಕ್ಕು ಮನೆಗೆ ಹೋದರು. ದೋಣಿಯಲ್ಲಿ ಅವರ ಚೀಲ ಉಳಿದಿತ್ತು. ಎರಡು ದಿನಗಳ ಮೇಲೆ ಯಾರೋ ಆ ಚೀಲವನ್ನು ಬಿಚ್ಚಿ ನೋಡಿದಾಗ ಅದರಲ್ಲಿದ್ದ ಹಣದ ಕೈಚೀಲವೂ ಕಾಗದಪತ್ರಗಳೂ ಮಾಲೀಕರು ಬಂದಿಲ್ಲವೆಂದು ಸಾರಿದವು. ಆಗ ವಿಮಾನಗಳೂ ನಾವೆಗಳೂ ಹೊರಟವು. ಏನು ಫಲ? ದಂಪತಿಗಳ ದೇಹಗಳು ಸಿಗಲೇ ಇಲ್ಲ. ತಿಂಗಳುಗಳ ಬಳಿಕ ಮೀನುಗಾರನೊಬ್ಬನಿಗೆ ಮುಳುಗುಗಾರರು ನೀರಿನಲ್ಲಿ ಬರೆಯಲು ಬಳಸುವ ಹಲಗೆಯೊಂದು ಸಿಕ್ಕಿತು. ತಮ್ಮನ್ನು ದಿಬ್ಬದ ಬಳಿ ಬಿಟ್ಟುಹೋಗಿರುವರೆಂದೂ, ಕಾಪಾಡಬೇಕೆಂದೂ ಅದರ ಮೇಲೆ ಬರೆದಿತ್ತು. ತಾರೀಖು ಜನವರಿ ೨೬. ಅದನ್ನು ಬರೆಯುವಾಗ ಅವರು ಬದುಕಿದ್ದರು. ಹುಡುಕುವವರು ಇನ್ನೂ ಹೊರಟೇ ಇರಲಿಲ್ಲ.

ದೋಣಿಯ ನಾಯಕನು ನ್ಯಾಯಾಲಯದಲ್ಲಿ ಖುಲಾಸೆಯಾದನು. ಕಂಪೆನಿಗೆ ದಂಡ ಬಿದ್ದಿತು. ಅದಕ್ಕಿಂತ ಮುಖ್ಯವಾದುದೆಂದರೆ ಆ ಮೇಲೆ ಕ್ವೀನ್ಸ್‌ಲೆಂಡ್ ಸರಕಾರವು ಎಣಿಕೆಯನ್ನು ಬಾಯಿಮಾತಿಗೆ ಬಿಡದೆ, ಪುಸ್ತಕದಲ್ಲಿ ಬರೆದಿಡತಕ್ಕದ್ದೆಂದು ಬಿಗಿಯಾದ ನಿಯಮವನ್ನು ತಂದಿತು. ಎರಡು ಪ್ರಾಣಗಳು ಹೋದ ಮೇಲೆ ಬಂದ ನಿಯಮವದು. ನಮ್ಮವರು ಪ್ರಾಣ ಕೊಡದೆಯೇ ಅದನ್ನು ತೆಗೆದುಕೊಳ್ಳಬಹುದು.

ಬೇಗನೆ ತಿಳಿದರೆ ಎಷ್ಟು ವ್ಯತ್ಯಾಸವಾಗುವುದೆಂಬುದಕ್ಕೂ ದೃಷ್ಟಾಂತಗಳಿವೆ. ೨೦೦೮ರ ಜೂನ್ ತಿಂಗಳಲ್ಲಿ ಇಂಡೋನೇಷ್ಯದ ಕೊಮೊಡೊ ದ್ವೀಪಗಳ ನಡುವಿನ ಸೆಳವು ಐವರು ಯೂರೋಪಿಯನ್ ಮುಳುಗುಗಾರರನ್ನು ಎಳೆದುಕೊಂಡು ಹೋಗಿ ರಿಂಚಾ ದ್ವೀಪಕ್ಕೆ ಎಸೆಯಿತು. ಬಂಡೆಯ ಚಿಪ್ಪುಗಳನ್ನು ಕೆರೆದು ತಿಂದು, ಮೈಮೇಲೆ ಬಂದ ದೈತ್ಯ ಉಡವನ್ನು ಅಟ್ಟಿ, ಅವರು ಎರಡು ದಿನ ತಾಳಿದರು, ಐವರೂ ಬದುಕಿದರು. ೨೦೧೪ರ ಫೆಬ್ರವರಿ ೧೪ರಂದು ಬಾಲಿಯ ಬಳಿ ಏಳು ಮಂದಿ ಜಪಾನೀ ಹೆಂಗಸರು ಮಳೆಯ ಮಬ್ಬಿನಲ್ಲಿ ದೋಣಿಯ ಕಣ್ಣಿಗೆ ತಪ್ಪಿದರು. ಮೂರು ದಿನಗಳ ಮೇಲೆ ಐವರು ಜೀವಂತವಾಗಿ ಸಿಕ್ಕರು, ಇಬ್ಬರು ಉಳಿಯಲಿಲ್ಲ. ೨೦೨೨ರ ಏಪ್ರಿಲ್ ೬ರಂದು ಮಲೇಷ್ಯದ ಮೆರ್ಸಿಂಗ್ ತೀರದಾಚೆ ಕಾಣೆಯಾದ ನಾಲ್ವರಲ್ಲಿ ಒಬ್ಬಾಕೆಯನ್ನು ಮಾರನೆಯ ದಿನ ಹಾದುಹೋಗುತ್ತಿದ್ದ ಎಳೆನಾವೆಯೊಂದು ಕಂಡಿತು. ಇಬ್ಬರನ್ನು ೯ರಂದು ನಡುರಾತ್ರಿಯ ಬಳಿಕ ಮೀನುಗಾರರು ಎತ್ತಿದರು. ನಾಲ್ಕನೆಯವನು ೧೪ ವರ್ಷದ ಹುಡುಗ. ಅಷ್ಟು ದಿನ ತಾಳುವ ಶಕ್ತಿ ಆ ಎಳೆಯ ದೇಹಕ್ಕೆ ಇರಲಿಲ್ಲ. ಕೊನೆಯ ಇಬ್ಬರನ್ನು ಎತ್ತಿದ್ದು ಮೀನುಗಾರರೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಆ ಮಾತಿಗೆ ಮತ್ತೆ ಬರುತ್ತೇವೆ.

ಇದೆಲ್ಲ ಪರದೇಶದ ಮಾತೆಂದು ಯಾರಾದರೂ ತಳ್ಳಿಹಾಕಬಹುದು. ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದಿಂದ ಸುಮಾರು ೧೯ ಕಿಲೋಮೀಟರು ದೂರದ ಕಡಲಿನಲ್ಲಿ ನೇತ್ರಾಣಿ ದ್ವೀಪವಿದೆ. ಮಳೆಗಾಲ ಕಳೆದು ನೀರು ತಿಳಿಯಾದೊಡನೆ ಬೆಂಗಳೂರು, ಹುಬ್ಬಳ್ಳಿಗಳಿಂದ ತರುಣರು ಅಲ್ಲಿಗೆ ಮುಳುಗುವುದಕ್ಕಾಗಿ ಹೋಗುತ್ತಾರೆ. ಅವರಲ್ಲಿ ಈಜು ಬಾರದವರೂ ಉಂಟು. ಅವರು ಶಿಕ್ಷಕನ ಕೈಹಿಡಿದು ಇಳಿಯುತ್ತಾರೆ. ಕನ್ನಡಿಗರ ಮಕ್ಕಳು ತಮ್ಮ ಕಡಲಿನ ಒಳಗನ್ನು ಕಣ್ಣಾರೆ ಕಾಣುವುದು ಸಂತೋಷದ ವಿಷಯ. ಅವರನ್ನು ಹೆದರಿಸಿ ದಡದಲ್ಲಿ ಕೂಡಿಸಬೇಕೆಂಬ ಇಚ್ಛೆ ನಮಗಿಲ್ಲ. ಆದರೆ ಆ ದೋಣಿಗಳಲ್ಲಿ ಇಳಿದವರ ಹೆಸರು, ಇಳಿದ ಹೊತ್ತು, ಹತ್ತಿದ ಹೊತ್ತುಗಳನ್ನು ಬರೆಯುವ ಪುಸ್ತಕವಿದೆಯೇ? ಅದಕ್ಕೆ ಸಹಿ ಹಾಕುವವನಿದ್ದಾನೆಯೇ? ಪ್ರತಿಯೊಬ್ಬನ ಬಳಿ ಊದಿ ಎತ್ತಿಹಿಡಿಯತಕ್ಕ ಕೇಸರಿ ಬಣ್ಣದ ಕೊಳವೆ, ಸಿಳ್ಳು, ಸಣ್ಣ ಕನ್ನಡಿ ಇವೆಯೇ? ತೆಂಗಿನಕಾಯಿಯಷ್ಟು ತಲೆಯನ್ನು ಆಳುದ್ದದ ಗುರುತಾಗಿ ಮಾಡುವ ಆ ಕೊಳವೆಯ ಬೆಲೆ ಒಂದು ದಿನದ ವಿಹಾರದ ಖರ್ಚಿನ ಮುಂದೆ ಏನೂ ಅಲ್ಲ. ನಿಯಮವು ಕಚೇರಿಯ ಕಡತದಲ್ಲಿದ್ದರೆ ಸಾಲದು. ದೋಣಿಯ ಮೇಲೆ ಕಾಣಬೇಕು.

ಕಡಲಿನಲ್ಲಿ ಕಾಣೆಯಾದವರಿಗಾಗಿ ಕಾಯುವುದು ಎಂಥ ಯಾತನೆಯೆಂಬುದನ್ನು ನಮ್ಮ ಕರಾವಳಿ ಚೆನ್ನಾಗಿ ಅರಿತಿದೆ. ೨೦೧೮ರ ಡಿಸೆಂಬರ್ ೧೩ರಂದು ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜವೆಂಬ ದೋಣಿ ಏಳು ಮಂದಿ ಮೀನುಗಾರರೊಡನೆ ಕಾಣೆಯಾಯಿತು. ೧೫ರ ಬಳಿಕ ಅದರ ಸುಳಿವಿಲ್ಲ. ಮೀನುಗಾರರು ತಾವೇ ಹುಡುಕಿದರು. ಹುಡುಕಾಟ ಸಾಲದೆಂದು ಜನವರಿಯಲ್ಲಿ ಸಾವಿರಾರು ಮಂದಿ ಹೆದ್ದಾರಿಗೆ ಬಂದು ಕುಳಿತರು. ಕೊನೆಗೆ ೨೦೧೯ರ ಮೇ ತಿಂಗಳ ಮೊದಲಿನಲ್ಲಿ ನೌಕಾದಳದ ನಿರೀಕ್ಷಕ್ ಹಡಗು ಮಹಾರಾಷ್ಟ್ರದ ಮಾಲ್ವಣದಿಂದ ಸುಮಾರು ೩೩ ಕಿಲೋಮೀಟರು ಆಚೆ, ೬೦ ಮೀಟರು ಆಳದಲ್ಲಿ ಅದರ ಅವಶೇಷವನ್ನು ಕಂಡಿತು. ಆ ಹಡಗು ಮುಳುಗುಗಾರರ ಹಡಗೇ. ನಾಲ್ಕೂವರೆ ತಿಂಗಳ ಕಾಲ ಏಳು ಮನೆಗಳಲ್ಲಿ ದೀಪ ಹಚ್ಚುವುದೋ ಬಿಡುವುದೋ ಎಂದು ತಿಳಿಯದೆ ಕಾದವರ ನೋವನ್ನು ಅಳೆಯುವ ಮಾನ ನಮ್ಮಲ್ಲಿಲ್ಲ.

ಆ ಕಾಲಕ್ಕೂ ಈಗಿನ ಕಾಲಕ್ಕೂ ಸಾಧನಗಳು ಇಲ್ಲದಿಲ್ಲ. ಕಡಲ ರಕ್ಷಣಾ ದಳಕ್ಕೆ ೧೫೫೪ ಎಂಬ ದೂರವಾಣಿಯ ಅಂಕಿ ಇದೆ. ವಸ್ತುವೊಂದು ಇಂಥಲ್ಲಿ ಇಂಥ ಹೊತ್ತಿಗೆ ತಪ್ಪಿದರೆ ಗಾಳಿ, ಸೆಳವುಗಳ ಬಲದಿಂದ ಎಲ್ಲಿಗೆ ತೇಲಿರಬಹುದೆಂದು ಲೆಕ್ಕಹಾಕುವ ಉಪಾಯವನ್ನು ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರವು ೨೦೧೬ರಲ್ಲಿಯೇ ಸಿದ್ಧಪಡಿಸಿ ಕೊಟ್ಟಿದೆ. ಆದರೆ ಎಂಥ ಯಂತ್ರವಾದರೂ ಮೊದಲು ಕೇಳುವ ಪ್ರಶ್ನೆ ಒಂದೇ: ಎಲ್ಲಿ ಕಂಡಿರಿ, ಎಷ್ಟು ಹೊತ್ತಿಗೆ? ಪುಸ್ತಕವನ್ನು ಬರೆಯದ ದೋಣಿಯವನು ಅದಕ್ಕೆ ಏನೆಂದು ಉತ್ತರ ಕೊಟ್ಟಾನು?

ದೋಣಿಯವರಿಗೆ ಇದರಿಂದ ತೊಂದರೆಯೆಂಬ ಆಕ್ಷೇಪಣೆ ಬರದೆ ಇರಲಾರದು. ಬಸ್ಸಿನ ಕಂಡಕ್ಟರನು ನಿಲ್ದಾಣ ನಿಲ್ದಾಣಕ್ಕೂ ಚೀಟಿಗಳ ಲೆಕ್ಕ ಬರೆಯುತ್ತಾನೆ. ಅದು ಕಾಸಿನ ಲೆಕ್ಕ. ಪ್ರಾಣದ ಲೆಕ್ಕ ಅದಕ್ಕಿಂತ ಭಾರವಾಯಿತೆ? ಒಳ್ಳೆಯ ಶಿಕ್ಷಕರು ಇದನ್ನು ಹೇಳಿಸಿಕೊಳ್ಳದೆಯೇ ಮಾಡುತ್ತಿರುವರೆಂದು ನಾವು ಬಲ್ಲೆವು. ನಿಯಮವು ಅವರ ಸಲುವಾಗಿ ಅಲ್ಲ. ಅವರ ಪಕ್ಕದಲ್ಲಿ ಅರ್ಧ ಬೆಲೆಗೆ ಕರೆಯುತ್ತ ನಿಂತವರ ಸಲುವಾಗಿ.

ಇನ್ನು ಮೀನುಗಾರರ ಮಾತು. ಕಾಣೆಯಾದವನಿಗಾಗಿ ಬಲೆ ಬಿಟ್ಟು ಹೋದವನಿಗೆ ಅಂದಿನ ಮೀನು ಹೋಯಿತು. ಎಣ್ಣೆಯೂ ಅವನ ಕೈಯಿಂದಲೇ ಹೋಯಿತು. ಅವನು ಕೇಳುವುದಿಲ್ಲ, ಕೇಳಿದರೆ ಮಾನ ಹೋಗುವುದೆಂದು ಭಾವಿಸುತ್ತಾನೆ. ಅವನು ಕೇಳದಿರುವುದೇ ಸರಕಾರಕ್ಕೆ ಕೊಡದಿರಲು ನೆಪವಾಗಬಾರದು. ಹುಡುಕಾಟಕ್ಕೆ ಹೊರಟ ಪ್ರತಿಯೊಂದು ದೋಣಿಯ ಎಣ್ಣೆಯ ಖರ್ಚನ್ನೂ ದಿನದ ನಷ್ಟವನ್ನೂ ಅರ್ಜಿಯ ಅಲೆದಾಟವಿಲ್ಲದೆ ಜಿಲ್ಲಾಧಿಕಾರಿಗಳೇ ರೇವಿನಲ್ಲಿ ಕೊಡಿಸುವ ಏರ್ಪಾಡಾಗಬೇಕು. ಮುಂದಿನ ಮಳೆಗಾಲ ಮುಗಿದು ನೇತ್ರಾಣಿಯ ದೋಣಿಗಳು ಮತ್ತೆ ನೀರಿಗಿಳಿಯುವ ಮುನ್ನ ಸಂಬಂಧಪಟ್ಟ ಅಧಿಕಾರಿಗಳು ಒಂದು ದಿನ ಮುರುಡೇಶ್ವರದ ದಡಕ್ಕೆ ಹೋಗಿ, ಒಂದೊಂದು ದೋಣಿಯವನನ್ನೂ ನಿಲ್ಲಿಸಿ, ಲೆಕ್ಕದ ಪುಸ್ತಕವನ್ನು ತೋರಿಸೆಂದು ಕೇಳಲಿ.