ಸಹಿ ಸಾಲಗಾರನದು, ಮೊತ್ತ ಕಂಪನಿಯದು

2025ರ ಜುಲೈ 14ರಂದು ಶರಾವತಿ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ಉದ್ಘಾಟನೆಯಾಯಿತು. ಲಿಂಗನಮಕ್ಕಿಯ ನೀರು ದಾರಿ ನುಂಗಿದ ಮೇಲೆ ದಶಕಗಟ್ಟಲೆ ಲಾಂಚ್ ಕಾದ ಜನರಿಗೆ ಸಾಗರ ಹತ್ತಿರವಾಯಿತು. ನಾವೂ ಸಂತೋಷಪಟ್ಟೆವು. ಆದರೆ ಆ ದಡದವನೊಬ್ಬ ಚೆಕ್ಕಿನ ಪ್ರಕರಣದಲ್ಲಿ ಸಿಕ್ಕಿಕೊಂಡರೆ ಅವನ ಕೋರ್ಟು ಸಾಗರದಲ್ಲೇ ಇರಬೇಕೆಂದಿಲ್ಲ. ಬೆಂಗಳೂರಿನಲ್ಲೂ ಇರಬಹುದು.

ಹೇಗೆಂದು ನೋಡೋಣ. ತುಮರಿ ಕಡೆಯ ಒಬ್ಬ ಅಂಗಡಿಯವ ಫೈನಾನ್ಸ್ ಕಂಪನಿಯೊಂದರಿಂದ ಲಕ್ಷ ರೂಪಾಯಿ ಸಾಲ ಪಡೆದ ಎಂದಿಟ್ಟುಕೊಳ್ಳಿ. 'ಸುಮ್ಮನೆ ಸೆಕ್ಯೂರಿಟಿಗೆ' ಎಂದು ನಾಲ್ಕು ಖಾಲಿ ಚೆಕ್ಕುಗಳಿಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಅಡಿಕೆಗೆ ಕೊಳೆ ಬಂದ ವರ್ಷ ಊರಿನವರ ಕೈಯಲ್ಲಿ ಕಾಸಿಲ್ಲ, ಉದ್ರಿ ವಸೂಲಾಗದು, ಅವನ ಕಂತು ತಪ್ಪುತ್ತದೆ. ಆಗ ಆ ಖಾಲಿ ಜಾಗದಲ್ಲಿ ಅಸಲು, ಬಡ್ಡಿ, ದಂಡ ಎಲ್ಲ ಸೇರಿದ ಒಂದು ಮೊತ್ತ ಬೀಳುತ್ತದೆ. ಕಂಪನಿ ಅದನ್ನು ಬೆಂಗಳೂರಿನ ತನ್ನ ಖಾತೆಗೆ ಹಾಕುತ್ತದೆ, ಚೆಕ್ಕು ವಾಪಸಾಗುತ್ತದೆ. ನೋಟಿಸು ಕೈಸೇರಿದ 15 ದಿನದೊಳಗೆ ಹಣ ಕಟ್ಟದಿದ್ದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಡಿ ಅವನು ಆರೋಪಿ. ಎರಡು ವರ್ಷದವರೆಗೆ ಸೆರೆ, ಇಲ್ಲವೇ ಚೆಕ್ಕಿನ ಎರಡರಷ್ಟರವರೆಗೆ ದಂಡ, ಇಲ್ಲವೇ ಎರಡೂ. (ಅವನ ಉದ್ರಿ ಪುಸ್ತಕದಲ್ಲಿ ಬಾಕಿ ಉಳಿಸಿಕೊಂಡವರು ಮಾತ್ರ ಯಾರೂ ಆರೋಪಿಗಳಲ್ಲ!)

ಮೊತ್ತ ನಾನು ಬರೆದದ್ದಲ್ಲ ಎಂದರೆ ಸಾಲದು. ಸ್ವಇಚ್ಛೆಯಿಂದ ಸಹಿ ಹಾಕಿ ಕೊಟ್ಟ ಖಾಲಿ ಚೆಕ್ಕು ಕೂಡ ಸಾಲ ತೀರಿಸಲು ಕೊಟ್ಟದ್ದೆಂದೇ ಕಾನೂನು ಭಾವಿಸುತ್ತದೆ, ಅಲ್ಲವೆಂದು ತೋರಿಸುವ ಹೊಣೆ ಸಹಿ ಹಾಕಿದವನದು ಎಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ. ಸಾಲ ಕೇಳಿಕೊಂಡು ಬಂದು ನಿಂತವನ ಸ್ವಇಚ್ಛೆ ಎಷ್ಟರದೆಂದು ಸಾಲ ಮಾಡಿದವರಿಗೆ ಗೊತ್ತು.

ಇನ್ನು ಊರಿನ ಪ್ರಶ್ನೆ. ಚೆಕ್ಕು ಕೊಟ್ಟವನ ಬ್ಯಾಂಕು ಇರುವಲ್ಲೇ ಪ್ರಕರಣ ನಡೆಯಬೇಕೆಂದು 2014ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಮರುವರ್ಷವೇ ಸಂಸತ್ತು ಕಾಯ್ದೆ ತಿದ್ದಿ, ಚೆಕ್ಕು ಪಡೆದವನ ಖಾತೆ ಇರುವ ಶಾಖೆಯ ಊರಿಗೆ ಅದನ್ನು ಒಯ್ದಿತು. ವ್ಯಾಪಾರಿಯ ಚೆಕ್ಕು ನಂಬಿ ಅಡಿಕೆ ಕೊಟ್ಟು ಕೆಟ್ಟ ರೈತನಿಗೆ ಇದು ನ್ಯಾಯವೇ. ಅವನು ಪರಊರಿಗೆ ಅಲೆಯಬೇಕಿಲ್ಲ. ನಮ್ಮ ತಕರಾರು ಅವನೊಡನೆ ಅಲ್ಲ. ಅದೇ ಅನುಕೂಲವನ್ನು ಹಳ್ಳಿ ಹಳ್ಳಿಗೂ ಏಜೆಂಟರನ್ನು ಕಳಿಸಬಲ್ಲ ಕಂಪನಿಗೂ ಕೊಟ್ಟದ್ದೇಕೆ? ಸಾಲ ಕೊಡುವಾಗ ಮನೆ ಬಾಗಿಲಿಗೆ ಬರುವ ಕಂಪನಿ, ಕೇಸು ಹಾಕುವಾಗ ತನ್ನ ಬಾಗಿಲಿಗೆ ಕರೆಯುತ್ತದೆ. ಮುನ್ನೂರೈವತ್ತು ಕಿಲೋಮೀಟರ್ ದಾಟಿ ಹೋಗುವ ಬಸ್ ಖರ್ಚು, ವಕೀಲರ ಫೀಸು, ಮುಚ್ಚಿದ ಅಂಗಡಿ. ಹೋಗದಿದ್ದರೆ ವಾರಂಟು. ಇದೂ ವಸೂಲಿಯ ದಬ್ಬಾಳಿಕೆಯೇ, ಬೈಗುಳವಿಲ್ಲದ್ದು ಅಷ್ಟೆ.

ಮೈಕ್ರೋಫೈನಾನ್ಸ್ ಕಿರುಕುಳದ ವಿರುದ್ಧ 2025ರಲ್ಲಿ ರಾಜ್ಯ ಸರ್ಕಾರ ಮೊದಲು ಸುಗ್ರೀವಾಜ್ಞೆ, ಆಮೇಲೆ ಕಾನೂನು ತಂದಿತು. ಹತ್ತು ವರ್ಷದವರೆಗೆ ಶಿಕ್ಷೆ ಎಂದು ದೊಡ್ಡ ಸದ್ದಾಯಿತು. ಆದರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿಕೊಂಡ ಸಂಸ್ಥೆಗಳನ್ನು ಅದರಿಂದ ಹೊರಗಿಟ್ಟರು. ಅವುಗಳ ಏಜೆಂಟರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನು ಮಾಡಬಾರದೆಂದು ರಿಸರ್ವ್ ಬ್ಯಾಂಕೇ 2022ರಲ್ಲಿ ಸುತ್ತೋಲೆ ಹೊರಡಿಸಿದೆ. ಸಮನ್ಸಿಗೆ ಹೊತ್ತುಗೊತ್ತಿನ ಕಟ್ಟಿಲ್ಲ. 2019ರ ಕೊನೆಗೆ ದೇಶದಲ್ಲಿ ಬಾಕಿಯಿದ್ದ 2.31 ಕೋಟಿ ಕ್ರಿಮಿನಲ್ ಪ್ರಕರಣಗಳಲ್ಲಿ 35.16 ಲಕ್ಷ ಚೆಕ್ಕಿನವೇ ಆಗಿದ್ದವು. ನ್ಯಾಯಾಲಯಗಳನ್ನು ವಸೂಲಿ ಕಚೇರಿ ಮಾಡಿಕೊಂಡದ್ದು ಯಾರು?

ಸಾಲ ಕೊಡುವ ಕಂಪನಿಗಳ ಮಟ್ಟಿಗಾದರೂ 2014ರ ನಿಯಮ ಮರಳಿ ಬರಲಿ, ಸಾಲಗಾರನ ತಾಲ್ಲೂಕಿನಲ್ಲೇ ಪ್ರಕರಣ ನಡೆಯಲಿ. ಸಾಗರದಲ್ಲಿ ಕೋರ್ಟಿದೆ, ವಕೀಲರಿದ್ದಾರೆ. ಈಗ ಸೇತುವೆಯೂ ಇದೆ. ಅಲ್ಲಿಗೆ ಬರಲು ಕಂಪನಿಗೇನು ಅಡ್ಡಿ?